ಬಾಕ್ಸ್‌ಗೆ ತೊಂಬತ್ತು ರೂಪಾಯಿ: ಟೊಮೆಟೊ ಬಿಡಿಸಬೇಕೋ, ತೋಟದಲ್ಲೇ ಬಿಟ್ಟುಬಿಡಬೇಕೋ?

ಪ್ರಶ್ನೆ: ಶ್ರೀನಿವಾಸಪುರದ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಊರು ಶ್ರೀನಿವಾಸಪುರ ತಾಲ್ಲೂಕು. ಮನೆಯಲ್ಲಿ ಒಂದು ಎಕರೆ ಟೊಮೆಟೊ ಇದೆ. ಈ ವಾರ ಕೋಲಾರದ ಮಂಡಿಯಲ್ಲಿ 15 ಕೆಜಿಯ ಬಾಕ್ಸ್‌ಗೆ ನಮಗೆ ಸಿಕ್ಕಿದ್ದು 90 ರೂಪಾಯಿ. ಕೆಜಿಗೆ ಆರು ರೂಪಾಯಿ ಬಿತ್ತು.

ಅಪ್ಪ ಇಟ್ಟಿರುವ ಲೆಕ್ಕ ಹೀಗಿದೆ. ಸಸಿ, ಮಲ್ಚಿಂಗ್ ಶೀಟ್, ಕೋಲು, ದಾರ, ಗೊಬ್ಬರ, ಔಷಧಿ, ಕಳೆ ಕೂಲಿ ಎಲ್ಲ ಸೇರಿ ಸುಮಾರು 2 ಲಕ್ಷ ಆಗಿದೆ. ಒಟ್ಟು 1,600 ಬಾಕ್ಸ್ ಬಂದರೆ ಬಾಕ್ಸ್‌ಗೆ 125 ರೂಪಾಯಿ. ಬಿಡಿಸುವ ಕೂಲಿ, ಟೆಂಪೊ, ಇಳಿಸುವ ಕೂಲಿ, ಕಮಿಷನ್ ಸೇರಿ ಇನ್ನೂ 55. ಒಟ್ಟು 180 ಬೀಳುತ್ತದೆ, ಸಿಗುವುದು ಅದರ ಅರ್ಧ.

ಪುಸ್ತಕದಲ್ಲಿ ಬೆಲೆಯು ಸರಾಸರಿ ಬದಲಾಗುವ ವೆಚ್ಚಕ್ಕಿಂತ (ಉತ್ಪಾದನೆಯ ಜೊತೆ ಏರಿಳಿಯುವ ಖರ್ಚಿನಲ್ಲಿ ಒಂದು ಬಾಕ್ಸ್‌ಗೆ ಬೀಳುವ ಪಾಲು) ಕೆಳಗಿಳಿದರೆ ಉತ್ಪಾದನೆ ನಿಲ್ಲಿಸಬೇಕು ಎಂದಿದೆ. ಗೊಬ್ಬರ, ಔಷಧಿ, ಕೂಲಿ ಎಲ್ಲವೂ ಬದಲಾಗುವ ವೆಚ್ಚ ಎಂದೇ ನಮಗೆ ಪಾಠ ಆಗಿದೆ. ಹಾಗಾದರೆ ಅಪ್ಪ ನಿಲ್ಲಿಸಬೇಕಿತ್ತು. ಅವರು ನಿಲ್ಲಿಸಲಿಲ್ಲ. ಬೆಳಗಿನ ಜಾವವೇ ಆಳುಗಳನ್ನು ಕರೆದುಕೊಂಡು ಹೋಗಿ ಬಿಡಿಸಿದರು. ‘ಬಿಡಿಸದಿದ್ದರೆ ಇನ್ನೂ ನಷ್ಟ’ ಎನ್ನುತ್ತಾರೆ. ಬದುವಿನ ಆಚೆ ನಮ್ಮ ಚಿಕ್ಕಪ್ಪ ಅದೇ ದಿನ ತೋಟಕ್ಕೆ ಕುರಿ ಬಿಟ್ಟರು. ‘ಬಿಡಿಸಿದರೆ ಇನ್ನೂ ನಷ್ಟ’ ಎನ್ನುವುದು ಅವರ ಮಾತು. ಇಬ್ಬರೂ ಒಂದೇ ಮಂಡಿಗೆ ಹಾಕುವವರು. ಇದರಲ್ಲಿ ಯಾರದು ಸರಿ? ಪುಸ್ತಕದ ನಿಯಮ ಬೇಸಾಯಕ್ಕೆ ಹೊಂದುವುದಿಲ್ಲವೇ?

ಉತ್ತರ: ಜಯನಗರ ನಿವಾಸಿ

ಇವತ್ತು ಬೆಳಿಗ್ಗೆ ನಾನು ಇದೇ ಟೊಮೆಟೊಗೆ ಕೆಜಿಗೆ 24 ರೂಪಾಯಿ ಕೊಟ್ಟು ಬಂದೆ. ಬೆಳೆದವರಿಗೆ ಆರು! ಪುಸ್ತಕದ ನಿಯಮ ಹಾಗಿರಲಿ, ತಾನು ಮಾಡಿದ ವಸ್ತುವಿಗೆ ಖರ್ಚು ಮತ್ತು ಲಾಭ ಸೇರಿಸಿ ಬೆಲೆ ಕಟ್ಟುವ ಹಕ್ಕು ಎಲ್ಲ ಕಾರ್ಖಾನೆಯವರಿಗೂ ಇದೆ. ರೈತನಿಗೆ ಮಾತ್ರ ಏಕಿಲ್ಲ? ಬಾಕ್ಸ್‌ಗೆ 180 ಬಿದ್ದಿದ್ದರೆ 200ಕ್ಕೆ ಕಡಿಮೆ ಕೊಡುವುದಿಲ್ಲ ಎಂದು ನಿಮ್ಮ ತಂದೆ ಹೇಳಬೇಕಿತ್ತು.

ಉತ್ತರ: ಮಂಡಿ ಲೆಕ್ಕದ ಅಕ್ಕ

ತಮ್ಮಾ, ನಾನು ಕೋಲಾರದ ಎಪಿಎಂಸಿಯಲ್ಲಿ ಮಂಡಿಯೊಂದರ ಲೆಕ್ಕ ಬರೆಯುತ್ತೇನೆ. ಓದಿದ್ದು ಬಿ.ಕಾಂ. ನಮ್ಮ ಮನೆಯವರು ಮುಳಬಾಗಿಲು ಕಡೆ ಟೊಮೆಟೊ ಇಡುತ್ತಾರೆ. ಪುಸ್ತಕದ ನಿಯಮ ಬೇಸಾಯಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಎಡವಟ್ಟಾಗಿರುವುದು ನೀನು ಯಾವ ದಿನದಲ್ಲಿ ನಿಂತು ವೆಚ್ಚ ಎಣಿಸಿದ್ದೀಯ ಎನ್ನುವುದರಲ್ಲಿ.

ನಾಟಿಗೆ ಮೊದಲು ಗೊಬ್ಬರ ಬದಲಾಗುವ ವೆಚ್ಚವೇ. ಕಡಿಮೆ ಹಾಕಬಹುದು, ಬೆಳೆಯನ್ನೇ ಇಡದೆ ಪೂರ್ತಿ ಉಳಿಸಿಕೊಳ್ಳಬಹುದು. ಹಣ್ಣು ಕೆಂಪಾಗಿ ಗಿಡದಲ್ಲಿ ನಿಂತಿರುವ ದಿನ ಆ ಗೊಬ್ಬರ ಮಣ್ಣಿಗೆ ಸೇರಿಯಾಗಿದೆ. ಔಷಧಿ ಎಲೆಯ ಮೇಲೆ ಒಣಗಿದೆ. ಅಪ್ಪ ಬಿಡಿಸಿದರೂ ಬಿಡಿಸದಿದ್ದರೂ ಆ 2 ಲಕ್ಷದಲ್ಲಿ ಒಂದು ರೂಪಾಯಿಯೂ ಹಿಂದಕ್ಕೆ ಬರುವುದಿಲ್ಲ. ಅರ್ಥಶಾಸ್ತ್ರದಲ್ಲಿ ಇದನ್ನು ಮುಳುಗಿದ ವೆಚ್ಚ ಎನ್ನುತ್ತಾರೆ. ಇವತ್ತಿನ ತೀರ್ಮಾನಕ್ಕೆ ಅದು ಸ್ಥಿರ ವೆಚ್ಚಕ್ಕಿಂತ, ಅಂದರೆ ಉತ್ಪಾದನೆ ಎಷ್ಟೇ ಆದರೂ ಬದಲಾಗದ ಖರ್ಚಿಗಿಂತ, ಬೇರೆಯಲ್ಲ. ಬಿಡಿಸುವ ದಿನ ಉಳಿಸಲು ಸಾಧ್ಯವಿರುವ ಖರ್ಚು 55 ರೂಪಾಯಿ ಮಾತ್ರ. ಅಂದಿನ ಬದಲಾಗುವ ವೆಚ್ಚ ಅದೊಂದೇ. ಬೆಲೆ 90 ಇರುವಾಗ ಬಾಕ್ಸ್‌ಗೆ 35 ಕೈಯಲ್ಲಿ ಉಳಿಯುತ್ತದೆ. ಒಂದು ಬಿಡಿಕೆಗೆ 120 ಬಾಕ್ಸ್ ಬಂದರೆ 4,200 ರೂಪಾಯಿ. ಆ 4,200 ಹಳೆಯ ಸಾಲವನ್ನು ಸ್ವಲ್ಪ ತಗ್ಗಿಸುತ್ತದೆ. ಬಿಡಿಸದಿದ್ದರೆ ಅದೂ ಇಲ್ಲ. ಅಪ್ಪ ಹೇಳಿದ ಮಾತಿನ ಅರ್ಥ ಅದೇ, ನಿನ್ನ ಪುಸ್ತಕದ ನಿಯಮವೂ ಅದನ್ನೇ ಹೇಳುತ್ತದೆ.

ಪುಸ್ತಕದಲ್ಲಿ ಬಾರದ ಇನ್ನೊಂದು ಸಂಗತಿ ಇದೆ. ಟೊಮೆಟೊ ಒಂದೇ ಸಲ ಕೊಯ್ದು ಮುಗಿಸುವ ಬೆಳೆಯಲ್ಲ. ನಾಟಿಯಾದ ಎರಡು, ಎರಡೂಕಾಲು ತಿಂಗಳಿಗೆ ಬಿಡಿಸಲು ಶುರುವಾದರೆ ಮೂರು ನಾಲ್ಕು ದಿನಕ್ಕೊಮ್ಮೆಯಂತೆ ಒಂದೂವರೆ ತಿಂಗಳಾದರೂ ನಡೆಯುತ್ತದೆ. ಹಣ್ಣಾದದ್ದನ್ನು ತೆಗೆಯದೆ ಬಿಟ್ಟರೆ ಗಿಡದ ಭಾರ ಹೆಚ್ಚಿ ಕೋಲು ಬಾಗುತ್ತದೆ, ಹಣ್ಣು ಒಡೆದು ಕೊಳೆಯುತ್ತದೆ, ಎಲೆ, ಕಾಯಿ ಕೊರೆಯುವ ಟೂಟಾ ಹುಳು ಅಲ್ಲಿ ಮನೆ ಮಾಡಿ ಮೇಲಿನ ಕಾಯಿಗೂ ಹತ್ತುತ್ತದೆ. ಆದ್ದರಿಂದ ಇವತ್ತು ಬಿಡಿಸುವ ಬಾಕ್ಸಿಗೆ ಸಿಗುವ ಬೆಲೆಯ ಜೊತೆಗೆ ಮುಂದಿನ ಬಿಡಿಕೆಗಳನ್ನು ಉಳಿಸಿಕೊಂಡ ಲಾಭವೂ ಸೇರುತ್ತದೆ. ಬೆಲೆ 50ಕ್ಕೆ ಇಳಿದ ದಿನವೂ, ಕೈಯಿಂದ ಐದು ರೂಪಾಯಿ ಹಾಕಿ ಬಿಡಿಸುವವರನ್ನು ನೋಡಿದ್ದೇನೆ. ಅವರು ಮುಂದಿನ ಹತ್ತು ದಿನಗಳ ಬೆಲೆಯ ಮೇಲೆ ಕಣ್ಣಿಟ್ಟವರು. ಗಿಡ ಎಳೆಯದಾಗಿದ್ದರೆ ಆ ಲೆಕ್ಕ ಸರಿ. ಮುಗಿಯುತ್ತ ಬಂದ ತೋಟದಲ್ಲಿ ಅದಕ್ಕೆ ಅರ್ಥವಿಲ್ಲ.

ಚಿಕ್ಕಪ್ಪನ ವಿಷಯಕ್ಕೆ ಬರುವ ಮೊದಲು ನನಗೆ ಮೂರು ಸಂಗತಿ ತಿಳಿಸು. ಅವರದು ಎಷ್ಟನೆಯ ಬಿಡಿಕೆ? ಆಳುಗಳು ಊರಿನವರೋ, ಹೊರಗಿನಿಂದ ಬರಬೇಕೋ? ಅವರ ಹಣ್ಣಿಗೂ 90 ಸಿಗುತ್ತಿತ್ತೇ?

ಉತ್ತರ: ಶ್ರೀನಿವಾಸಪುರದ ಹುಡುಗ

ಅಕ್ಕಾ, ಈಗ ಅರ್ಥವಾಯಿತು. ಚಿಕ್ಕಪ್ಪನ ಹತ್ತಿರ ಕೇಳಿದೆ. ಅವರ ತೋಟ ನಮ್ಮದಕ್ಕಿಂತ ಒಂದು ತಿಂಗಳು ಮೊದಲಿನದು, ಕೊನೆಯ ಎರಡು ಬಿಡಿಕೆ ಉಳಿದಿತ್ತಂತೆ. ಹಣ್ಣು ಸಣ್ಣದು, ಹಿಂದಿನ ಸಲ 50 ರೂಪಾಯಿಗೆ ಹೋಗಿದೆ. ಆಳುಗಳನ್ನು ಪಕ್ಕದ ಊರಿನಿಂದ ಆಟೊದಲ್ಲಿ ಕರೆತರಬೇಕು. ನಮ್ಮಲ್ಲಿ ಒಬ್ಬರು ದಿನಕ್ಕೆ 400 ಕೂಲಿಗೆ 16 ಬಾಕ್ಸ್ ತುಂಬುತ್ತಾರೆ. ಅವರಲ್ಲಿ ಹಣ್ಣು ಅಲ್ಲೊಂದು ಇಲ್ಲೊಂದು ಇರುವುದರಿಂದ ಹತ್ತು ಬಾಕ್ಸ್ ಆಗುವುದೂ ಕಷ್ಟ.

ಇನ್ನೊಂದು ಸಂಗತಿ. ನಮ್ಮ ತೋಟದಲ್ಲಿ ಅಮ್ಮ ಮತ್ತು ಅಜ್ಜಿಯೂ ಬಿಡಿಸುತ್ತಾರೆ. ಅವರ ಕೂಲಿಯನ್ನು ಅಪ್ಪ ಬರೆದಿಲ್ಲ. ಬರೆಯಬೇಕೇ?

ಉತ್ತರ: ಮಂಡಿ ಲೆಕ್ಕದ ಅಕ್ಕ

ನೋಡಿದೆಯಾ, ಉತ್ತರ ನೀನೇ ತಂದಿದ್ದೀಯ. ಹತ್ತು ಬಾಕ್ಸ್‌ಗೆ 400 ಕೂಲಿ ಎಂದರೆ ಬಾಕ್ಸ್‌ಗೆ 40. ನಿಮ್ಮಲ್ಲಿ ಅದು 25. ಅದಕ್ಕೆ ಟೆಂಪೊ 15, ಇಳಿಸುವ ಕೂಲಿ ಮತ್ತು ಕಮಿಷನ್ ಸೇರಿ ಹತ್ತಿರ ಹತ್ತಿರ 12, ಆಟೊ ಬಾಡಿಗೆ ಬೇರೆ. 67 ದಾಟಿತು. ಸಿಗುವುದು 50. ಉಳಿಸಿಕೊಳ್ಳಬೇಕಾದ ಎಳೆಯ ಕಾಯಿಯೂ ಗಿಡದಲ್ಲಿಲ್ಲ. ಬಿಡಿಸಿದ್ದರೆ ಪ್ರತಿ ಬಾಕ್ಸಿಗೂ 17 ರೂಪಾಯಿಗಿಂತ ಹೆಚ್ಚು ಕೈಯಿಂದ ಹೋಗುತ್ತಿತ್ತು. ಕುರಿ ಬಿಟ್ಟದ್ದು ಸರಿಯಾದ ಲೆಕ್ಕ. ಕುರಿಯವರು ಮಂದೆ ನಿಲ್ಲಿಸಿದರೆ ಗೊಬ್ಬರವಾದರೂ ಸಿಗುತ್ತದೆ. ತೋಟದಲ್ಲಿ ಹಣ್ಣು ಕೊಳೆಯುವುದನ್ನು ಕಂಡು ‘ಸೋಮಾರಿಗಳು’ ಎಂದು ಬರೆಯುವವರನ್ನು ಓದಿದಾಗ ನನಗೆ ಸಂಕಟವಾಗುತ್ತದೆ. ಹಾಗೆ ಬಿಟ್ಟವರಲ್ಲಿ ಹೆಚ್ಚಿನವರು ಹಿಂದಿನ ರಾತ್ರಿಯೆಲ್ಲ ಲೆಕ್ಕ ಹಾಕಿಯೇ ಬಿಟ್ಟಿರುತ್ತಾರೆ.

ಅಮ್ಮ, ಅಜ್ಜಿಯ ಕೂಲಿಯನ್ನು ಖಂಡಿತ ಬರೆಯಬೇಕು. ಅದನ್ನು ಸೊನ್ನೆ ಎಂದು ಬಿಡುವ ಅಭ್ಯಾಸ ಕಂಡರೆ ನನಗೆ ಕೋಪ ಬರುತ್ತದೆ. ಎಷ್ಟು ಬರೆಯಬೇಕು ಎನ್ನುವುದಕ್ಕೆ ನಿನ್ನ ಪುಸ್ತಕದ ಅವಕಾಶ ವೆಚ್ಚವೇ ಅಳತೆ: ಆ ದಿನ ಅವರು ಬೇರೆ ಏನು ಮಾಡಿ ಎಷ್ಟು ಗಳಿಸಬಹುದಿತ್ತು? ಅಮ್ಮನಿಗೆ ಪಕ್ಕದ ತೋಟದಲ್ಲಿ 400 ರೂಪಾಯಿಯ ಕೆಲಸ ಸಿಗುತ್ತಿತ್ತು ಎಂದಾದರೆ ಅವರ ಪಾಲಿಗೆ 400 ಬರೆ. ಊರೆಲ್ಲ ತೋಟ ಬಿಟ್ಟು ಯಾರೂ ಆಳು ಕರೆಯದ ವಾರ ಇದಾದರೆ ಆ ಮೊತ್ತ ಕಡಿಮೆಯಾಗುತ್ತದೆ. ಆದರೂ ಸೊನ್ನೆಯಾಗುವುದಿಲ್ಲ. ಹಾಲು ಕರೆಯುವುದು, ಮೇವು ತರುವುದು, ಬೆನ್ನಿಗೆ ವಿಶ್ರಾಂತಿ ಕೊಡುವುದು, ಇವೆಲ್ಲಕ್ಕೂ ಬೆಲೆ ಇದೆ. ಮನೆಯವರ ದುಡಿಮೆಯನ್ನು ಬರೆದರೆ ಎಷ್ಟೋ ‘ಲಾಭ’ದ ಬೆಳೆಗಳು ಕೂಲಿಯನ್ನು ಮಾತ್ರ ಕೊಟ್ಟಿವೆ ಎಂದು ಗೊತ್ತಾಗುತ್ತದೆ.

ಇನ್ನು ಜಯನಗರದವರಿಗೆ. ಸರ್, ನಿಮ್ಮ ಕಳಕಳಿ ನನ್ನದೂ ಹೌದು. ಆದರೆ 200 ಎಂದು ಅವರಪ್ಪ ಹೇಳಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಮಂಡಿಯಲ್ಲಿ ಕೂತು ನೋಡುತ್ತಿರುತ್ತೇನೆ. ಬಾಕ್ಸ್‌ಗಳು ಸಾಲಾಗಿ ನಿಂತಿರುತ್ತವೆ. ಖರೀದಿದಾರ ಬಂದು ಮೇಲಿನ ನಾಲ್ಕು ಹಣ್ಣು ಸರಿಸಿ ಕೆಳಗೆ ಕೈ ಹಾಕಿ ಒಂದನ್ನು ತೆಗೆದು ಹೆಬ್ಬೆರಳಿನಿಂದ ಒತ್ತುತ್ತಾನೆ. ದೆಹಲಿಗೋ ಕೋಲ್ಕತ್ತಕ್ಕೋ ಲಾರಿ ತುಂಬುವವನಿಗೆ ಗಟ್ಟಿಯಾದ, ಅರೆ ಬಣ್ಣದ ಹಣ್ಣು ಬೇಕು. ಪೂರ್ತಿ ಕೆಂಪಾದದ್ದು ಹತ್ತಿರದ ಊರುಗಳಿಗೆ. ಹರಾಜಿನ ಕೂಗು ಶುರುವಾಗುತ್ತದೆ, ಒಂದೆರಡು ನಿಮಿಷದಲ್ಲಿ ಒಂದು ಸಾಲು ಮುಗಿಯುತ್ತದೆ. ಎಷ್ಟು ಖರ್ಚಾಗಿದೆ ಎಂದು ಯಾರೂ ಕೇಳುವುದಿಲ್ಲ, ಕೇಳಿದರೂ ಪ್ರಯೋಜನವಿಲ್ಲ. ಅಂಥದ್ದೇ ಹಣ್ಣು ಪಕ್ಕದ ಸಾಲಿನಲ್ಲಿ 90ಕ್ಕೆ ಇರುವಾಗ 200 ಕೊಡುವವರಾರು? ಒಬ್ಬ ರೈತನ ಸರಕು ಒಟ್ಟು ಬರುವ ಸರಕಿನಲ್ಲಿ ಎಷ್ಟು ಸಣ್ಣ ಪಾಲೆಂದರೆ, ಅವನು ವಾಪಸು ತೆಗೆದುಕೊಂಡು ಹೋದರೂ ಬೆಲೆ ಕದಲುವುದಿಲ್ಲ. ಸಾಬೂನಿನ ಕಾರ್ಖಾನೆಗೆ ತನ್ನದೇ ಹೆಸರಿದೆ, ಗೋದಾಮಿದೆ, ಮಾರದ ಸರಕು ಮುಂದಿನ ತಿಂಗಳಿಗೂ ಸಾಬೂನಾಗಿಯೇ ಇರುತ್ತದೆ. ಟೊಮೆಟೊಗೆ ಇವು ಮೂರೂ ಇಲ್ಲ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಇದನ್ನು ಮೀನಿನ ಮಾರುಕಟ್ಟೆಯ ಉದಾಹರಣೆಯಿಂದ ವಿವರಿಸಿದರು. ಆ ದಿನ ದಡಕ್ಕೆ ಬಂದ ಮೀನು ಎಷ್ಟೋ ಅಷ್ಟೇ. ಬೆಲೆಯನ್ನು ಹೆಚ್ಚುಕಡಿಮೆ ಬೇಡಿಕೆಯೇ ತೀರ್ಮಾನಿಸುತ್ತದೆ. ಉತ್ಪಾದನಾ ವೆಚ್ಚದ ಪ್ರಭಾವ ಕಾಣಿಸುವುದು ಸಮಯ ಉದ್ದವಾದಂತೆ, ದೋಣಿಗಳು ಹೆಚ್ಚುವಾಗ ಅಥವಾ ಕಡಿಮೆಯಾಗುವಾಗ. ಕೋಲಾರದಲ್ಲಿ ಅದು ಕಾಣಿಸುವುದು ಮುಂದಿನ ನಾಟಿಯಲ್ಲಿ.

ಬೇಡಿಕೆಯ ಸ್ವಭಾವವನ್ನೂ ನೋಡಿ. ಟೊಮೆಟೊ ಅಗ್ಗವಾಯಿತೆಂದು ನೀವು ಸಾರಿಗೆ ಮೂರು ಪಟ್ಟು ಹಾಕುವುದಿಲ್ಲ, ದುಬಾರಿಯಾಯಿತೆಂದು ಪೂರ್ತಿ ಬಿಡುವುದೂ ಇಲ್ಲ. ಆದ್ದರಿಂದ ಸರಕು ಸ್ವಲ್ಪ ಹೆಚ್ಚಿದರೆ ಬೆಲೆ ಬಹಳ ಬೀಳುತ್ತದೆ, ಸ್ವಲ್ಪ ಕಡಿಮೆಯಾದರೆ ಬಹಳ ಏರುತ್ತದೆ. ಇಂಗ್ಲೆಂಡಿನ ಗೋಧಿಯ ಬಗ್ಗೆ ಅಲ್ಲಿನ ಅಂಕಿಅಂಶ ತಜ್ಞ ಗ್ರೆಗರಿ ಕಿಂಗ್ ಹೆಸರಿನಲ್ಲಿ ಒಂದು ಲೆಕ್ಕ 1699ರಷ್ಟು ಹಿಂದೆಯೇ ಅಚ್ಚಾಗಿದೆ: ಫಸಲು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ, ಮೂರು ಪಾಲು ಕಡಿಮೆಯಾದರೆ ಹದಿನಾರು ಪಾಲು. 2023ರ ಜುಲೈನಲ್ಲಿ ಇದೇ ಕೋಲಾರದಲ್ಲಿ 15 ಕೆಜಿಯ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆ ದಿನ ಬೆಳೆಗಾರರು ವೆಚ್ಚಕ್ಕೆ ಲಾಭ ಸೇರಿಸಿ ಬೆಲೆ ಕಟ್ಟಿದ್ದರೆ ಬಹಳ ಕಡಿಮೆ ಸಿಗುತ್ತಿತ್ತು.

ಉತ್ತರ: ಜಯನಗರ ನಿವಾಸಿ

ಒಪ್ಪಿದೆ. ಆದರೆ 6ಕ್ಕೂ 24ಕ್ಕೂ ನಡುವಿನ 18 ರೂಪಾಯಿ ಯಾರ ಪಾಲಾಯಿತು? ಅದನ್ನೇ ಕೇಳುತ್ತಿದ್ದೇನೆ.

ಉತ್ತರ: ಮಂಡಿ ಲೆಕ್ಕದ ಅಕ್ಕ

ಕೇಳಲೇಬೇಕಾದ ಪ್ರಶ್ನೆ. ರಿಸರ್ವ್ ಬ್ಯಾಂಕಿನವರು 2024ರಲ್ಲಿ ಹೊರತಂದ ಅಧ್ಯಯನದಲ್ಲಿ ಗ್ರಾಹಕರು ಕೊಡುವ ರೂಪಾಯಿಯಲ್ಲಿ ಟೊಮೆಟೊ ಬೆಳೆಗಾರರಿಗೆ ಸಿಗುವುದು ಸುಮಾರು 33 ಪೈಸೆ ಎಂದಿತ್ತು. ನಿಮ್ಮ ಉದಾಹರಣೆಯಲ್ಲಿ ಅದು 25 ಪೈಸೆ. ನಡುವಿನದರಲ್ಲಿ ಲಾರಿ ಬಾಡಿಗೆ, ಎರಡು ಕಡೆಯ ಏರಿಸುವ-ಇಳಿಸುವ ಕೂಲಿ, ಬೆಂಗಳೂರಿನ ಸಗಟು ಮಂಡಿ, ಅಂಗಡಿಯ ಬಾಡಿಗೆ, ಕೊಳೆತು ಎಸೆಯುವ ಹಣ್ಣು, ಪ್ರತಿಯೊಬ್ಬರ ಲಾಭ ಎಲ್ಲವೂ ಸೇರಿವೆ. ಯಾರದೋ ಲಾಭ ಮಿತಿ ಮೀರಿರಲೂಬಹುದು. ಖರೀದಿದಾರರು ಕಡಿಮೆ ಇರುವ ಮಂಡಿಗಳಲ್ಲಿ ಅವರು ಒಳಗೊಳಗೇ ಮಾತಾಡಿಕೊಂಡು ಕೂಗು ತಗ್ಗಿಸಲು ಸುಲಭ. ಅಲ್ಲಿ ಪೈಪೋಟಿ ಇದೆ ಎನ್ನುವುದು ಹೆಸರಿಗೆ ಮಾತ್ರ. ಆ ಮಂಡಿಗಳ ಮೇಲೆ ನಿಗಾ ಇಡಬೇಕೆಂದು ನಾನೂ ವಾದಿಸುತ್ತೇನೆ.

ಆದರೆ ಇನ್ನೊಂದು ಲೆಕ್ಕ ಗಮನಿಸಿ. ಲಾರಿಯವನ ಬಾಡಿಗೆ, ಕೂಲಿ, ಅಂಗಡಿ ಬಾಡಿಗೆ ಟೊಮೆಟೊ ಬೆಲೆಯ ಜೊತೆ ಏರಿಳಿಯುವುದಿಲ್ಲ. ನಡುವಿನ 18 ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ ಎಂದುಕೊಳ್ಳಿ. ನಿಮ್ಮ ಅಂಗಡಿಯಲ್ಲಿ ಬೆಲೆ 30 ಇದ್ದಾಗ ಇಲ್ಲಿ 12. ಅಂಗಡಿಯಲ್ಲಿ 24ಕ್ಕೆ ಇಳಿದಾಗ ಇಲ್ಲಿ 6. ನಿಮಗೆ ಐದರಲ್ಲಿ ಒಂದು ಪಾಲು ಅಗ್ಗವಾದದ್ದು ಇಲ್ಲಿ ಅರ್ಧಕ್ಕರ್ಧ ಕುಸಿತ. ಬೆಲೆ ಬಿದ್ದ ಸುದ್ದಿ ಪೇಟೆಯಲ್ಲಿ ಅಷ್ಟಾಗಿ ತಟ್ಟದಿರುವುದು, ತೋಟದಲ್ಲಿ ಸಿಡಿಲಿನಂತೆ ಬೀಳುವುದು ಇದರಿಂದ.

ಉತ್ತರ: ಬ್ಯಾಡಗಿ ಕಡೆಯವ

ನಡುವೆ ಬಾಯಿ ಹಾಕುತ್ತೇನೆ. ನಮ್ಮದು ಒಣಮೆಣಸಿನಕಾಯಿ. ಬೆಲೆ ಬಿದ್ದರೆ ಕೋಲ್ಡ್ ಸ್ಟೋರೇಜ್‌ಗೆ ಹಾಕುತ್ತೇವೆ, ಬಣ್ಣ ಉಳಿಯುತ್ತದೆ. ಟೊಮೆಟೊ ಬೆಳೆಗಾರರಿಗೆ ಅದಿಲ್ಲ ಎನ್ನುವುದು ನಿಜ. ಆದರೆ ಇಡಬಹುದಾದ ಬೆಳೆ ಇದ್ದವರು ಸುಖಿಗಳು ಎಂದು ತಿಳಿಯಬೇಡಿ. ಚೀಲಕ್ಕೆ ಬಾಡಿಗೆ, ಸಾಲದ ಮೇಲಿನ ಬಡ್ಡಿ, ಈಗಲೇ ಮಾರಿದ್ದರೆ ಆ ಹಣದಿಂದ ಆಗಬಹುದಾಗಿದ್ದ ಕೆಲಸ, ಇಷ್ಟನ್ನೂ ಮೀರಿ ಬೆಲೆ ಏರಿದರೆ ಮಾತ್ರ ಕಾದದ್ದು ಸಾರ್ಥಕ. ಎಲ್ಲರೂ ಕಾದರೆ ಆ ದಾಸ್ತಾನು ಮುಂದಿನ ಸುಗ್ಗಿಯ ಬೆಲೆಯನ್ನೇ ಅದುಮುತ್ತದೆ. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿದಾಗ ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಇಟ್ಟುಕೊಳ್ಳುವ ಸೌಲಭ್ಯ ಇದ್ದ ಊರಿನಲ್ಲೇ ಅದು ನಡೆದದ್ದು.

ಉತ್ತರ: ಶ್ರೀನಿವಾಸಪುರದ ಹುಡುಗ

ಎಲ್ಲರಿಗೂ ಧನ್ಯವಾದ. ಅಕ್ಕಾ, ಕೊನೆಯದಾಗಿ ಒಂದು ಪ್ರಶ್ನೆ. ಇನ್ನು ಮೇಲೆ ಟೊಮೆಟೊ ಬೇಡ, ಬೀನ್ಸ್ ಇಡೋಣ ಎನ್ನುತ್ತಿದ್ದಾರೆ ಅಪ್ಪ. ಊರಿನಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ. ಈಗಲೂ ಮುಳುಗಿದ ವೆಚ್ಚ ಬಿಟ್ಟು 55 ರೂಪಾಯಿಯ ಲೆಕ್ಕವನ್ನೇ ಹಾಕಬೇಕೇ?

ಉತ್ತರ: ಮಂಡಿ ಲೆಕ್ಕದ ಅಕ್ಕ

ಇಲ್ಲ, ಈಗ ದಿನ ಬದಲಾಯಿತು. ಹೊಸ ಬೆಳೆಗೆ ಇನ್ನೂ ಒಂದು ರೂಪಾಯಿಯೂ ಮುಳುಗಿಲ್ಲ. ಆದ್ದರಿಂದ ಪೂರ್ತಿ 180ರ ಲೆಕ್ಕ ಹಾಕಬೇಕು, ಅಮ್ಮ ಮತ್ತು ಅಜ್ಜಿಯ ದುಡಿಮೆ ಸೇರಿಸಿ. ಅದೇ ಎಕರೆ, ಅದೇ ಕೊಳವೆಬಾವಿಯ ನೀರು ಬೀನ್ಸಿಗೆ ಹೋದರೆ ಎಷ್ಟು ಕೊಡಬಹುದೋ ಅದನ್ನೂ ಪಕ್ಕದಲ್ಲಿ ಬರೆಯಬೇಕು.

ಊರೆಲ್ಲ ಒಂದೇ ಮಾತು ಹೇಳುತ್ತಿರುವುದು ನನ್ನ ಕಿವಿ ನಿಮಿರಿಸುತ್ತದೆ. ಟೊಮೆಟೊ ಇಡಲು ಇವತ್ತು ನಿರ್ಧರಿಸಿದರೆ ನರ್ಸರಿಯಲ್ಲಿ ಸಸಿಗೆ ಸುಮಾರು ಒಂದು ತಿಂಗಳು, ನಾಟಿಯಿಂದ ಮೊದಲ ಬಿಡಿಕೆಗೆ ಮತ್ತೆರಡು ತಿಂಗಳು. ಮೂರು ತಿಂಗಳ ಮೇಲಿನ ಬೆಲೆಯನ್ನು ಇವತ್ತಿನ ಬೆಲೆ ನೋಡಿ ಊಹಿಸುವುದರಿಂದಲೇ ಒಮ್ಮೆ ಕೊರತೆ, ಒಮ್ಮೆ ಪ್ರವಾಹ. ಬೇಡಿಕೆ ಮತ್ತು ಪೂರೈಕೆಯ ರೇಖೆಗಳ ನಡುವೆ ಬೆಲೆ ಸುತ್ತುವ ಚಿತ್ರ ಜೇಡರಬಲೆಯ ಹಾಗೆ ಕಾಣುವುದರಿಂದ 1934ರಲ್ಲಿ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್ ಇದಕ್ಕೆ ಆ ಹೆಸರನ್ನೇ ಇಟ್ಟರು. 2023ರಲ್ಲೂ ಹಾಗೆಯೇ ಆಯಿತು. ಮೊದಲು ಬೆಲೆ ಇಲ್ಲವೆಂದು ಹಲವರು ನಾಟಿ ಕಡಿಮೆ ಮಾಡಿದರು. ಬಿಸಿಲು, ಬಿಳಿನೊಣ, ಎಲೆ ಮುದುಡು ರೋಗ ಉಳಿದದ್ದನ್ನೂ ಕೆಡಿಸಿದವು. ಜುಲೈನಲ್ಲಿ ಬೆಲೆ ಆಕಾಶಕ್ಕೇರಿತು. ಅದನ್ನು ಕಂಡು ನಾಟಿ ಮಾಡಿದವರ ಹಣ್ಣು ಬರುವ ಹೊತ್ತಿಗೆ, ಸೆಪ್ಟೆಂಬರ್‌ನಲ್ಲಿ, ಮತ್ತೆ ಪಾತಾಳ.

ಹಾಗೆಂದು ‘ಎಲ್ಲರೂ ಬಿಟ್ಟಾಗ ನೀವು ಇಡಿ’ ಎಂದು ನಾನು ಹೇಳುವುದಿಲ್ಲ. ನೀವು ಬಿಟ್ಟರೂ ಮದನಪಲ್ಲಿಯಲ್ಲಿ, ನಾಸಿಕ್ ಕಡೆಯಲ್ಲಿ ಬಿಟ್ಟಿರಬೇಕೆಂದಿಲ್ಲ. ಮನೆ ಮೇಲೆ ಸಾಲ ಇರುವಾಗ ಒಂದೇ ಬೆಳೆಗೆ ಪೂರ್ತಿ ಎಕರೆ ಕೊಡುವುದು ನನಗೆ ಭಯದ ಮಾತು. ನಾನಾಗಿದ್ದರೆ ಅರ್ಧ ಎಕರೆ ಟೊಮೆಟೊ, ಅರ್ಧ ಬೀನ್ಸ್ ಇಡುತ್ತಿದ್ದೆ. ತೀರ್ಮಾನಕ್ಕೆ ಮೊದಲು ನಿಮಗೆ ಸಸಿ ಕೊಡುವ ನರ್ಸರಿಗೆ ಅಪ್ಪನ ಜೊತೆ ಹೋಗು. ಈ ಹದಿನೈದು ದಿನಕ್ಕೆ ಎಷ್ಟು ಸಸಿ ಬುಕ್ ಆಗಿದೆ, ಕಳೆದ ವರ್ಷ ಇದೇ ಹೊತ್ತಿಗೆ ಎಷ್ಟಿತ್ತು ಎಂದು ಕೇಳು. ಹಳೆಯ ಗಿರಾಕಿಗಳಿಗೆ ಹೇಳುತ್ತಾರೆ. ಮದನಪಲ್ಲಿ ಕಡೆ ನೆಂಟರಿದ್ದರೆ ಅಲ್ಲಿನ ನಾಟಿಯನ್ನೂ ವಿಚಾರಿಸು.

ಮತ್ತೆ, ಹಳೆಯ ಕೋಲು ಮುರಿಯದೆ ಉಳಿದಿದ್ದರೆ ಅದನ್ನು ಕೊಂಡ ಬೆಲೆಯನ್ನು ಹೊಸ ಬೆಳೆಯ ಖರ್ಚಿಗೆ ಬರೆಯಬೇಡಿ. ಊರಿನಲ್ಲಿ ಯಾರಾದರೂ ಆ ಕೋಲನ್ನು ಇವತ್ತು ಎಷ್ಟಕ್ಕೆ ಕೇಳುತ್ತಾರೋ ಅಷ್ಟನ್ನೇ ಬರೆಯಿರಿ.